ಪರರಾಜ್ಯದಲ್ಲಿ ಬಿದ್ದ ದಂಡ, ಊರಲ್ಲಿ ಉಳಿಯುವ ದಾಖಲೆ



ನಮ್ಮ ಎಂ.ಕೆ. ಹುಬ್ಬಳ್ಳಿ, ಹಿರಿಯರ ಬಾಯಲ್ಲಿನ ಮುಗುಟಖಾನ ಹುಬ್ಬಳ್ಳಿ, ಹೆದ್ದಾರಿಯ ಮೇಲಿನ ಊರು. ಒಂದು ಕಡೆ ಮಲಪ್ರಭೆ, ಗಂಗಾಂಬಿಕೆಯ ಐಕ್ಯಸ್ಥಳ; ಇನ್ನೊಂದು ಕಡೆ ಹಗಲಿರುಳು ನಿಲ್ಲದ ಪುಣೆ-ಬೆಂಗಳೂರು ರಸ್ತೆ. ನಾವು ಅದನ್ನು ನಾಲ್ಕನೆಯ ಹೆದ್ದಾರಿ ಎಂದು ಕರೆದು ಬೆಳೆದವರು. 2010ರಲ್ಲಿ ಸಂಖ್ಯೆ ಬದಲಾಗಿ ಅದು 48 ಆಯಿತು. ಇಲ್ಲಿಂದ ಹೊರಟ ಗಾಡಿ ಮೂರು ತಾಸಿನೊಳಗೆ ಕೊಗನೊಳ್ಳಿ ದಾಟಿ ಕೊಲ್ಹಾಪುರ ಸೇರುತ್ತದೆ. ಚೋರ್ಲಾ ಘಾಟು ಇಳಿದರೆ ಗೋವೆ. ತರಕಾರಿ ಗೋವೆಗೆ, ಭಕ್ತರು ಪಂಢರಪುರಕ್ಕೂ ಶಿರಡಿಗೂ, ಮಕ್ಕಳು ನೌಕರಿಗೆಂದು ಪುಣೆಗೆ: ನಮ್ಮ ಭಾಗದ ಜನರಿಗೆ ರಾಜ್ಯದ ಗಡಿ ದಾಟುವುದು ಹೊಳೆ ದಾಟಿದಷ್ಟೇ ಸಹಜ. ಹಾಗೆ ನೋಡಿದರೆ 1956ರ ನವೆಂಬರ್ 1ಕ್ಕಿಂತ ಮೊದಲು ಬೆಳಗಾವಿಯೂ ಕೊಲ್ಹಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ಕಾಲದ ಲಾರಿ ಚಾಲಕನಿಗೆ ಕೊಲ್ಹಾಪುರದಲ್ಲಿ ದಂಡ ಬಿದ್ದರೆ ಅದು ಪರರಾಜ್ಯದ ದಂಡವಾಗಿರಲಿಲ್ಲ.

ಈಗ ಅದು ಪರರಾಜ್ಯದ ದಂಡ. "ಮಹಾರಾಷ್ಟ್ರದಾಗ ಬಿದ್ದ ದಂಡಾ ಅಲ್ಲೇ ಉಳಿತೈತಿ, ನಮ್ಮ ಊರಿಗೇನ ಬರೂದಿಲ್ಲ" ಎಂಬ ಮಾತನ್ನು ನಾನು ಚಹಾದಂಗಡಿಯ ಬೆಂಚಿನ ಮೇಲೂ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲೂ ಕೇಳಿದ್ದೇನೆ. ಈ ಮಾತು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು, ಇಂದು ನಿಜವಲ್ಲ. ಅದು ಹೇಗೆಂಬುದನ್ನು ನಿಮ್ಮೊಡನೆ ಸ್ವಲ್ಪ ವಿಸ್ತಾರವಾಗಿಯೇ ಹಂಚಿಕೊಳ್ಳಬೇಕೆನಿಸಿದೆ. ಏಕೆಂದರೆ ಇದರಲ್ಲಿ ಬರಿಯ ಹಣದ ಪ್ರಶ್ನೆಯಿಲ್ಲ. ಒಬ್ಬ ಮಾಡಿದ ತಪ್ಪು ಯಾರ ಹೆಸರಿನಲ್ಲಿ ಬರೆಯಲ್ಪಡುತ್ತದೆ ಎಂಬ ಪ್ರಶ್ನೆಯಿದೆ.

ಮೊದಲು ಕಾಗದದ ಕಾಲದ ಮಾತು. ಮೋಟಾರು ವಾಹನಗಳ ಕಾಯ್ದೆ ಕೇಂದ್ರದ್ದು. ಈಗ ಚಾಲ್ತಿಯಲ್ಲಿರುವುದು 1988ರದು, 1989ರ ಜುಲೈ 1ರಿಂದ ಜಾರಿಗೆ ಬಂದದ್ದು. ಬೈಲಹೊಂಗಲದಲ್ಲಿ ಪಡೆದ ಚಾಲನಾ ಪರವಾನಗಿ ಭಾರತದಾದ್ಯಂತ ನಡೆಯುತ್ತದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಪರವಾನಗಿ ಎಲ್ಲೆಡೆ ನಡೆಯುವುದಾದರೆ ಅದರ ಮೇಲಿನ ಕಲೆಯೂ ಎಲ್ಲೆಡೆ ಕಾಣಬೇಕಲ್ಲವೇ? ಅದಕ್ಕಾಗಿ ಕಾಯ್ದೆಯಲ್ಲಿ ಷರಾ ಬರೆಯುವ ಪದ್ಧತಿಯನ್ನು ಇಟ್ಟರು. ಗುರುತರ ಅಪರಾಧ ಸಾಬೀತಾದಾಗ ನ್ಯಾಯಾಲಯವು ಪರವಾನಗಿಯ ಮೇಲೆಯೇ ಷರಾ ಬರೆಯಬೇಕು. ಆ ವಿವರವನ್ನು ಪರವಾನಗಿ ಕೊಟ್ಟ ಕಚೇರಿಗೂ ಕಳಿಸಬೇಕು. ಪುಸ್ತಕ ಕಳೆದು ಹೊಸದು ಮಾಡಿಸಿದರೂ ಹಳೆಯ ಷರಾ ಹೊಸದಕ್ಕೆ ಬರಬೇಕು. ಮೂರು ವರ್ಷ ಮತ್ತೊಂದು ಷರಾ ಬೀಳದಂತೆ ನಡೆದುಕೊಂಡರೆ ನಿಷ್ಕಳಂಕ ಪರವಾನಗಿ ಪಡೆಯುವ ಹಕ್ಕು. ಅತಿವೇಗದ ಷರಾ ಮಾತ್ರವಿದ್ದರೆ ಒಂದೇ ವರ್ಷ ಸಾಕು. ಶಿಕ್ಷಕನಾಗಿ ನನಗೆ ಈ ಏರ್ಪಾಡು ಬಹಳ ಮೆಚ್ಚಿಗೆಯಾದದ್ದು. ತಪ್ಪನ್ನು ಬರೆದಿಡುತ್ತದೆ, ತಿದ್ದಿಕೊಂಡವನಿಗೆ ಅಳಿಸಿಯೂ ಕೊಡುತ್ತದೆ.

ಆದರೆ ವಾಸ್ತವದಲ್ಲಿ ನಡೆದದ್ದು ಬೇರೆ. ಪರರಾಜ್ಯದ ನಾಕೆಯಲ್ಲಿ ಹಿಡಿದಾಗ ಚಾಲಕ ಅಲ್ಲೇ ದಂಡ ಕಟ್ಟಿ, ಪಾವತಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊರಟುಬಿಡುತ್ತಿದ್ದ. ಪ್ರಕರಣ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದುದೇ ಅಪರೂಪ. ಅಂಚೆಯ ಲಕೋಟೆಯೊಂದು ಅಲ್ಲಿಂದ ಇಲ್ಲಿಗೆ ಬಂದು, ಇಲ್ಲಿನ ದಪ್ಪ ವಹಿಯಲ್ಲಿ ಅವನ ಹೆಸರಿನ ಪುಟ ಹುಡುಕಿ ಯಾರಾದರೂ ಬರೆದರೆ ತಾನೆ ದಾಖಲೆಯಾಗುವುದು? ಆದ್ದರಿಂದಲೇ "ಅಲ್ಲಿಯದು ಅಲ್ಲೇ" ಎಂಬ ಮಾತು ಜನಜನಿತವಾಯಿತು.

ಈಗ ಆ ವಹಿಗಳ ಜಾಗಕ್ಕೆ ಗಣಕಯಂತ್ರ ಬಂದಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕಟ್ಟಿದ ಎರಡು ಕೋಶಗಳಿವೆ: ವಾಹನಗಳಿಗೆ 'ವಾಹನ್', ಚಾಲಕರಿಗೆ 'ಸಾರಥಿ'. 2019ರ ತಿದ್ದುಪಡಿಯು ಪರವಾನಗಿಗಳಿಗೂ ವಾಹನಗಳಿಗೂ ಒಂದೊಂದು ರಾಷ್ಟ್ರೀಯ ವಹಿ ಇರಬೇಕೆಂದು ಕಾಯ್ದೆಯಲ್ಲಿಯೇ ಬರೆಯಿತು. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದಂತೆ ಅನರ್ಹಗೊಂಡ ಅಥವಾ ರದ್ದಾದ ಪರವಾನಗಿಗಳ ವಿವರವನ್ನು ಕಾಲಾನುಕ್ರಮವಾಗಿ ಜಾಲತಾಣದಲ್ಲಿ ದಾಖಲಿಸಬೇಕು. ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸು ಹದಿನೈದು ದಿನಗಳೊಳಗೆ ಕಳಿಸಬೇಕೆಂಬ ನಿಯಮ 2021ರ ಆಗಸ್ಟಿನಲ್ಲಿ ಬಂತು. ಕೊಲ್ಹಾಪುರದ ಕ್ಯಾಮೆರಾ ಕೆಎ-24 ಸಂಖ್ಯೆಯ ಗಾಡಿಯನ್ನು ಕಂಡರೆ, ಅದು ಬೈಲಹೊಂಗಲದಲ್ಲಿ ನೋಂದಣಿಯಾದ ಯಾರ ಗಾಡಿ ಎಂಬುದು ಅಲ್ಲಿನವರಿಗೆ ಕೂತಲ್ಲಿಯೇ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಕ್ಯಾಮೆರಾಕ್ಕೆ ಕಾಣುವುದು ಗಾಡಿಯ ಸಂಖ್ಯಾಫಲಕ. ಚಾಲಕನ ಪರವಾನಗಿ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಚಲನ್ ಹುಟ್ಟುವುದು ಗಾಡಿಯ ಹೆಸರಿನಲ್ಲಿ, ಹೋಗುವುದು ಮಾಲೀಕನ ಮೊಬೈಲಿಗೆ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಪರವಾನಗಿ ಕೇಳಿದಾಗಲಷ್ಟೇ ಚಾಲಕನ ಸಂಖ್ಯೆ ಅದರಲ್ಲಿ ಸೇರುತ್ತದೆ. ಅಂದರೆ ಪರರಾಜ್ಯದ ದಂಡ ಊರಿಗೆ ಬರುವ ದಾರಿಗಳು ಎರಡು: ಒಂದು ಗಾಡಿಯ ಬೆನ್ನ ಮೇಲೆ, ಇನ್ನೊಂದು ಚಾಲಕನ ಪರವಾನಗಿಯ ಮೇಲೆ. ಮೊದಲನೆಯದು ಮಾಲೀಕನ ಹಣಕ್ಕೆ ಸಂಬಂಧಿಸಿದ್ದು. ಎರಡನೆಯದು ಚಾಲಕನ ಅನ್ನಕ್ಕೆ.

ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಪುಸ್ತಕ ಓದಿ ಅಲ್ಲ. ಕೆಲವು ದಿನಗಳ ಹಿಂದೆ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಒಂದು ವ್ಯಾಜ್ಯ ಹೊತ್ತು ಮನೆಗೆ ಬಂದರು. ಒಬ್ಬ ಸರಕು ಸಾಗಿಸುವ ಪಿಕಪ್ ಗಾಡಿಯ ಮಾಲೀಕ; ಇನ್ನೊಬ್ಬ ಅವನಿಗಿಂತ ಐದಾರು ವರ್ಷ ಕಿರಿಯ, ಆ ಗಾಡಿಯ ಚಾಲಕ. ಹೆಸರು ಬೇಡ, ಊರವರಿಗೆ ಗೊತ್ತೇ ಆಗುತ್ತದೆ. ಗಾಡಿಯನ್ನು ಪಾಸಿಂಗಿಗೆ ಒಯ್ಯುವ ಮುನ್ನ ಮಾಲೀಕ ಜಾಲತಾಣದಲ್ಲಿ ಹುಡುಕಿದಾಗ ಏಳು ಚಲನ್‌ಗಳು ಕಂಡಿದ್ದವು. ಆರು ಮಹಾರಾಷ್ಟ್ರದವು, ಒಂದು ಗೋವೆಯದು.

"ಗುರುಗಳ, ಇಂವ ಮಾಡಿದ್ದಕ್ಕ ನಾ ಯಾಕ ರೊಕ್ಕಾ ಕಟ್ಟಬೇಕ್ರಿ? ಪಗಾರದಾಗ ಹಿಡಕೋತೀನಿ ಅಂದ್ರ ಕೆಲಸಾ ಬಿಡತೀನಿ ಅಂತಾನ" ಎಂದ ಮಾಲೀಕ.

ಚಾಲಕ ಬಹಳ ಹೊತ್ತು ನೆಲ ನೋಡುತ್ತ ಕುಳಿತಿದ್ದು, ಕೊನೆಗೆ ಹೇಳಿದ: "ರೊಕ್ಕಾ ಕಟ್ಟಾಕ ನಾ ಒಲ್ಲೆ ಅನ್ನೂದಿಲ್ರಿ ಗುರುಗಳ. ಆದ್ರ ನಾ ಕಟ್ಟಿದ್ರ ನಾನೇ ಮಾಡೀನಿ ಅಂತ ಒಪ್ಪಿಕೊಂಡಂಗ ಆತಲ್ರಿ. ನಾಳೆ ನನ್ನ ಲಾಯಸನ್ಸ ಮ್ಯಾಲೆ ಬಂದ್ರ ನಾ ಏನ ಮಾಡಲಿ? ನನಗ ಇದೊಂದ ಬಿಟ್ರ ಬ್ಯಾರೆ ಹೊಲಾ ಇಲ್ರಿ."

ಏಳೂ ಚಲನ್‌ಗಳನ್ನು ಒಂದೊಂದಾಗಿ ತೆರೆದು ದಿನಾಂಕ ಓದಲು ಹೇಳಿದೆ. ಮೊದಲ ಎರಡು, ಈ ಹುಡುಗ ಕೆಲಸಕ್ಕೆ ಸೇರುವ ಮೊದಲಿನವು. ಆಗ ಬೇರೊಬ್ಬ ಚಾಲಕನಿದ್ದ. ಎರಡು, ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದು. ಅಲ್ಲಿಯೇ ಮಾಲು ಇಳಿಸೆಂದು ಹೇಳಿದವನು ತಾನೇ ಎಂದು ಮಾಲೀಕ ಒಪ್ಪಿಕೊಂಡ. ಎರಡು, ಹೆದ್ದಾರಿಯಲ್ಲಿ ಅತಿವೇಗ. ಅವು ತನ್ನವೇ ಎಂದು ಚಾಲಕ ಕೂಡಲೇ ಹೇಳಿದ. ಉಳಿದ ಒಂದು, ಸೀಟು ಬೆಲ್ಟು ಕಟ್ಟದೆ ಓಡಿಸಿದ್ದು. ಅದರೊಡನೆ ಗಾಡಿಯ ಮುಂಭಾಗದ ಚಿತ್ರವಿತ್ತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಚಕ್ರ ಹಿಡಿದು ಕುಳಿತವನು ಸ್ವತಃ ಮಾಲೀಕ, ಪಕ್ಕದಲ್ಲಿ ಅವನ ಮನೆಯಾಕೆ! ಚಾಲಕ ರಜೆಯಲ್ಲಿದ್ದ ದಿನ ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಹೋದದ್ದಂತೆ. ಮೂವರೂ ನಕ್ಕೆವು. ನಗು ನಿಂತ ಮೇಲೆ ಮಾಲೀಕ ತಾನಾಗಿಯೇ, "ಐದು ನಂದ್ರಿ ಗುರುಗಳ, ಎರಡು ಇವಂದು" ಎಂದ. ವ್ಯಾಜ್ಯ ಹಣದ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೆ ಚಾಲಕನ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಲು ಕಾಯ್ದೆಯನ್ನು ಕೂತು ಓದಿದೆ. ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ.

ದಂಡದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಣ್ಣ ಅಪರಾಧಗಳನ್ನು ದಂಡ ಕಟ್ಟಿಸಿಕೊಂಡು ಮುಗಿಸಲು 200ನೆಯ ಕಲಮು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿದೆ. ಮೊತ್ತವನ್ನು ಅವೇ ಗೊತ್ತುಮಾಡುತ್ತವೆ. 2019ರ ಸೆಪ್ಟೆಂಬರ್ 1ರಂದು ಹೊಸ ದರಗಳು ಬಂದಾಗ ಹೆಲ್ಮೆಟ್ ಇಲ್ಲದ್ದಕ್ಕೆ ಕಾಯ್ದೆ ಹೇಳಿದ್ದು 1000 ರೂಪಾಯಿ. ಕರ್ನಾಟಕ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ಮಹಾರಾಷ್ಟ್ರ ಹೊಸ ದರಗಳನ್ನು ಜಾರಿಗೆ ತಂದದ್ದು 2021ರ ಡಿಸೆಂಬರಿನಲ್ಲಿ, ಗೋವೆ 2022ರ ಏಪ್ರಿಲಿನಲ್ಲಿ. 2023ರ ಫೆಬ್ರುವರಿಯಲ್ಲಿಯೂ ಆ ಬಳಿಕ ಕೆಲವು ಸಲವೂ ಕರ್ನಾಟಕದಲ್ಲಿ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟರಲ್ಲ, ಅದು ಇಲ್ಲಿನ ಪೊಲೀಸರ ಚಲನ್‌ಗಳಿಗೆ ಮಾತ್ರ. ಕೊಲ್ಹಾಪುರದ ಬಾಕಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಅಪರಾಧ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದಿಲ್ಲ, ಏಕೆಂದರೆ ಕಾಯ್ದೆ ಒಂದೇ. 2019ರಲ್ಲಿ ಅದೇ 200ನೆಯ ಕಲಮಿಗೆ ಒಂದು ಮಾತು ಸೇರಿಸಿದ್ದಾರೆ: ದಂಡ ಕಟ್ಟಿ ಮುಗಿಸಿದ್ದರೂ, ಅದೇ ಅಪರಾಧ ಮತ್ತೊಮ್ಮೆ ನಡೆದಾಗ ಮೊದಲಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ಅತಿವೇಗದ ವಿಷಯದಲ್ಲಿ ಇದರ ಅರ್ಥವೇನು? ಲಘು ವಾಹನಕ್ಕೆ ಕಾಯ್ದೆಯಲ್ಲಿ 1000ದಿಂದ 2000 ರೂಪಾಯಿ ದಂಡ. ಎರಡನೆಯ ಸಲಕ್ಕೆ ಚಾಲಕನ ಪರವಾನಗಿಯನ್ನೇ ವಶಪಡಿಸಿಕೊಳ್ಳಬೇಕು. ಮೊದಲನೆಯದು ಸಾತಾರೆಯಲ್ಲಿ, ಎರಡನೆಯದು ಹಿರೇಬಾಗೇವಾಡಿಯ ಹತ್ತಿರ ಆಗಿದ್ದರೂ ಎರಡು ಎರಡೇ. ಇದಲ್ಲದೆ 206ನೆಯ ಕಲಮಿನಂತೆ ಅತಿವೇಗ, ಅಪಾಯಕಾರಿ ಚಾಲನೆ, ಮದ್ಯ ಕುಡಿದು ಚಾಲನೆ, ಹೆಲ್ಮೆಟ್ ಇಲ್ಲದಿರುವುದು ಮುಂತಾದ ಪ್ರಕರಣಗಳಲ್ಲಿ ಪೊಲೀಸರು ಪರವಾನಗಿಯನ್ನು ತೆಗೆದುಕೊಂಡು, ಸ್ವೀಕೃತಿ ಚೀಟಿ ಕೊಟ್ಟು, ಅದನ್ನು ಪರವಾನಗಿ ಪ್ರಾಧಿಕಾರಕ್ಕೆ ಕಳಿಸಬಹುದು. ಅನರ್ಹಗೊಳಿಸುವ ಅಧಿಕಾರ ಆ ಪ್ರಾಧಿಕಾರದ್ದು, ಅದೂ ನಮ್ಮ ಮಾತು ಕೇಳಿದ ಮೇಲೆಯೇ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷಾ ಸಮಿತಿಯು 2015ರಲ್ಲಿಯೇ ಅತಿವೇಗ, ಕೆಂಪು ದೀಪ ದಾಟುವುದು, ಚಾಲನೆಯಲ್ಲಿ ಮೊಬೈಲು, ಮದ್ಯಪಾನ, ಅತಿಭಾರ, ಸರಕು ಗಾಡಿಯಲ್ಲಿ ಜನರನ್ನು ತುಂಬುವುದು ಇವಕ್ಕೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತು ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ತಿಳಿಸಿತ್ತು.

ಒಂದೇ ಮಾತಿನಲ್ಲಿ ಹೇಳುವುದಾದರೆ, ದಂಡದ ಹಣ ಆಯಾ ರಾಜ್ಯಕ್ಕೆ ಸೇರುತ್ತದೆ, ತಪ್ಪು ಇಡೀ ದೇಶದ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಆ ಹುಡುಗನ ಪರವಾನಗಿಯ ಮೇಲೆ ಆ ಎರಡು ಅತಿವೇಗದ ಪ್ರಕರಣಗಳು ಬಂದವೇ? ಬರಲಿಲ್ಲ. ಚಲನ್ ಗಾಡಿಯ ಸಂಖ್ಯೆಯ ಮೇಲಿತ್ತು, ಅವನ ಹೆಸರು ಅದರಲ್ಲಿರಲಿಲ್ಲ. ಆದರೆ 133ನೆಯ ಕಲಮಿನಂತೆ, ಚಾಲಕ ಯಾರೆಂದು ಪೊಲೀಸರು ಕೇಳಿದರೆ ಹೆಸರು, ವಿಳಾಸ, ಪರವಾನಗಿಯ ವಿವರ ಕೊಡುವುದು ಮಾಲೀಕನ ಕರ್ತವ್ಯ. ಈ ಸಲ ಯಾರೂ ಕೇಳಲಿಲ್ಲ. ಅವನಿಗೆ ನಾನು ಅಂದದ್ದು ಇಷ್ಟೇ: "ಈ ಸಲ ವಹಿಯೊಳಗ ನಿನ್ನ ಹೆಸರು ಬಂದಿಲ್ಲ. ಮುಂದಿನ ಸಲ ಪೊಲೀಸರು ನಿಲ್ಲಿಸಿದ್ರ ಬರತೈತಿ. ಲಾಯಸನ್ಸ ನಿನ್ನ ಹೊಲಾ ಅಂದ್ಯಲ್ಲ, ಅದರ ಬದುವು ನೀನ ಕಾಯಬೇಕು."

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ಅಲ್ಲಿ ಸಂಚಾರದ ಕಾನೂನು ಒಂದೊಂದು ರಾಜ್ಯದ್ದೂ ಬೇರೆ. ಪರವಾನಗಿಯೂ ಆಯಾ ರಾಜ್ಯದ್ದೇ. ಆದ್ದರಿಂದ 1960ರ ದಶಕದಲ್ಲಿ ರಾಜ್ಯಗಳು ತಮ್ಮತಮ್ಮೊಳಗೆ 'ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್' ಎಂಬ ಒಪ್ಪಂದ ಮಾಡಿಕೊಳ್ಳತೊಡಗಿದವು. 'ಒಬ್ಬ ಚಾಲಕ, ಒಂದು ಪರವಾನಗಿ, ಒಂದು ದಾಖಲೆ' ಎಂಬುದು ಅದರ ತತ್ವ. ಪರರಾಜ್ಯದಲ್ಲಿ ಅಪರಾಧ ಸಾಬೀತಾದರೆ ಆ ರಾಜ್ಯ ಊರಿನ ರಾಜ್ಯಕ್ಕೆ ತಿಳಿಸುತ್ತದೆ. ಮದ್ಯ ಕುಡಿದು ಓಡಿಸುವಂಥ ಘೋರ ತಪ್ಪುಗಳನ್ನು ಊರಿನ ರಾಜ್ಯ ತನ್ನಲ್ಲಿಯೇ ನಡೆದವೆಂಬಂತೆ ಪರಿಗಣಿಸುತ್ತದೆ. ಸಣ್ಣವನ್ನು ತನ್ನ ಕಾನೂನಿನಂತೆ ನಡೆಸುತ್ತದೆ. ನ್ಯೂಜೆರ್ಸಿಯ ಪರವಾನಗಿದಾರನಿಗೆ ಪರರಾಜ್ಯದಲ್ಲಿ ಚಾಲನೆಯ ತಪ್ಪು ಸಾಬೀತಾದರೆ ಊರಿನ ದಾಖಲೆಗೆ ಎರಡು ಅಂಕ ಬೀಳುತ್ತವೆ. ಹನ್ನೆರಡಾದರೆ ಪರವಾನಗಿ ಅಮಾನತು. ಹೊಳೆಯಾಚೆಯ ನ್ಯೂಯಾರ್ಕ್ ರಾಜ್ಯವಾದರೋ, ಸಾಮಾನ್ಯ ತಪ್ಪುಗಳ ಮಟ್ಟಿಗೆ, ಬೇರೆ ಅಮೆರಿಕನ್ ರಾಜ್ಯಗಳವನ್ನು ತನ್ನ ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಕೆನಡಾದ ಒಂಟಾರಿಯೊ, ಕ್ವಿಬೆಕ್ ಪ್ರಾಂತಗಳವನ್ನು ತೆಗೆದುಕೊಳ್ಳುತ್ತದೆ! ದಂಡ ಕಟ್ಟದೆ ಸುಮ್ಮನಿದ್ದವರ ಪರವಾನಗಿಯನ್ನು ಊರಿನ ರಾಜ್ಯ ಅಮಾನತು ಮಾಡುವ ಇನ್ನೊಂದು ಒಪ್ಪಂದವೂ ಅಲ್ಲಿದೆ. ಅಲ್ಲಿ ಅಂಕ ಹೆಚ್ಚಿದರೆ ವಿಮೆಯ ಕಂತೂ ಏರುವುದರಿಂದ ಜನ ಹೆದರುತ್ತಾರೆ. ನಮ್ಮಲ್ಲಿಯೂ ಸಂಚಾರದ ತಪ್ಪುಗಳಿಗೆ ವಿಮೆಯ ಕಂತನ್ನು ಹೊಂದಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಲಹೆ ಮಾಡಿತ್ತು.

ನೋಡಿ, ಅವರಿಗೆ ಕಾನೂನು ಹಲವು. ಒಪ್ಪಂದದಿಂದ ಒಂದು ದಾಖಲೆ ಮಾಡಿಕೊಂಡರು. ನಮಗೆ ಕಾನೂನು ಮೊದಲಿನಿಂದಲೂ ಒಂದೇ. ದಾಖಲೆಯನ್ನು ಈಗೀಗ ಕೂಡಿಸುತ್ತಿದ್ದೇವೆ. ಅವರಲ್ಲಿ ದಾಖಲೆ ಚಾಲಕನನ್ನು ಹಿಂಬಾಲಿಸುತ್ತದೆ. ನಮ್ಮಲ್ಲಿ ಬಹುಮಟ್ಟಿಗೆ ಗಾಡಿಯನ್ನು ಹಿಂಬಾಲಿಸುತ್ತದೆ. ಇದರಿಂದ ಎರಡು ಅನ್ಯಾಯಗಳಾಗುತ್ತವೆ. ವೇಗವಾಗಿ ಓಡಿಸಿದವನು ಇನ್ನೊಂದು ಗಾಡಿ ಹತ್ತಿ ಹೋಗುತ್ತಾನೆ, ಅವನ ದಾಖಲೆ ಬೆಳ್ಳಗೆಯೇ ಉಳಿಯುತ್ತದೆ. ಇತ್ತ ಹಳೆಯ ಗಾಡಿ ಕೊಂಡ ಬಡವನೊಬ್ಬ, ಹಿಂದಿನ ಮಾಲೀಕನ ಕಾಲದ ಚಲನ್‌ಗಳಿಗೆ ತಲೆ ಕೊಡಬೇಕಾಗುತ್ತದೆ.

ಮೂರನೆಯ ಅನ್ಯಾಯವೊಂದಿದೆ, ಅದು ತಪ್ಪು ಮಾಡದೆಯೇ ಚಲನ್ ಬಂದವನದು. ದಂಡ ಒಪ್ಪಿಕೊಳ್ಳುವವನಿಗೆ ವರ್ಚುವಲ್ ನ್ಯಾಯಾಲಯದ ಜಾಲತಾಣದಲ್ಲಿ ಮನೆಯಿಂದಲೇ ಕಟ್ಟುವ ಸೌಕರ್ಯವಿದೆ. ಒಪ್ಪದೆ ವಾದಿಸುತ್ತೇನೆಂದರೆ ಪ್ರಕರಣ ಆ ಊರಿನ ನ್ಯಾಯಾಲಯಕ್ಕೆ ಹೋಗುತ್ತದೆ. ಐದುನೂರು ರೂಪಾಯಿಯ ದಂಡಕ್ಕಾಗಿ ನೂರ ನಲವತ್ತು ಕಿಲೋಮೀಟರು ದೂರದ ಕೊಲ್ಹಾಪುರಕ್ಕೆ ಯಾರು ಅಲೆದಾರು? ಹೀಗಾಗಿ ನಿರಪರಾಧಿಯೂ ಕಟ್ಟಿ ಸುಮ್ಮನಾಗುತ್ತಾನೆ. ಅವನು ಕಟ್ಟಿದ್ದು ಮೊದಲನೆಯ ತಪ್ಪೆಂದು ಲೆಕ್ಕಕ್ಕೂ ಬರಬಹುದು. ಒಪ್ಪಿಕೊಳ್ಳುವುದಕ್ಕೆ ಇರುವಷ್ಟೇ ಸುಲಭದ ದಾರಿ ಅಲ್ಲಗಳೆಯುವುದಕ್ಕೂ ಇರಬೇಕು. ಪರರಾಜ್ಯದವರ ವಾದವನ್ನು ದೃಶ್ಯಮಾಧ್ಯಮದ ಮೂಲಕ ಅವರವರ ತಾಲೂಕಿನಿಂದಲೇ ಕೇಳುವ ಏರ್ಪಾಡು ಎಲ್ಲೆಡೆ ಆದರೆ ಎಷ್ಟು ಒಳ್ಳೆಯದು!

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಕೆಲವಿದೆ. ನಿಮ್ಮ ಗಾಡಿಯ ದಾಖಲೆಯಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆಯೇ ಇದೆಯೇ ನೋಡಿ. ಎಷ್ಟೋ ಗಾಡಿಗಳಲ್ಲಿ ಮಾರಿದ ಅಂಗಡಿಯವರದೋ ಏಜೆಂಟನದೋ ಸಂಖ್ಯೆ ಇರುತ್ತದೆ, ನೋಟಿಸು ನಿಮಗೆ ಮುಟ್ಟುವುದೇ ಇಲ್ಲ. ಪರಿವಾಹನ್‌ದ ಇ-ಚಲನ್ ತಾಣವನ್ನು ತಿಂಗಳಿಗೊಮ್ಮೆ ನೋಡಿ. ಮಹಾರಾಷ್ಟ್ರ ಪೊಲೀಸರದು ಬೇರೆ ಜಾಲತಾಣವಿದೆ, ಅದನ್ನೂ ನೋಡಿ. ಮೊಬೈಲಿಗೆ ಬರುವ ಕೊಂಡಿಯನ್ನು ಮಾತ್ರ ಒತ್ತಬೇಡಿ. ಚಲನ್ ಹೆಸರಿನಲ್ಲಿ ಮೋಸದ ಸಂದೇಶಗಳು ಬಹಳ ಬರುತ್ತಿವೆ. ಸರ್ಕಾರದ ತಾಣವನ್ನು ನೀವೇ ತೆರೆದು ನೋಡುವುದು ಕ್ಷೇಮ. ಹಳೆಯ ಗಾಡಿ ಕೊಳ್ಳುವ ಮುನ್ನ ಎರಡೂ ತಾಣಗಳಲ್ಲಿ ಬಾಕಿ ನೋಡಿ ಆಮೇಲೆ ಮುಂಗಡ ಕೊಡಿ. ಬಾಕಿ ಇದ್ದರೆ ಹೆಸರು ವರ್ಗಾಯಿಸುವಾಗ ತಡೆಯಾಗಬಹುದು. ಚಾಲಕರನ್ನು ಇಟ್ಟುಕೊಂಡವರು ಒಂದು ನೋಟುಪುಸ್ತಕವಿಟ್ಟು ಯಾವ ದಿನ ಯಾರು ಗಾಡಿ ಒಯ್ದರೆಂದು ಬರೆದಿಡಿ. ಎರಡು ರೇಖೆಯ ಆ ಬರಹ ಒಬ್ಬನ ಪಗಾರವನ್ನೂ ಮಾನವನ್ನೂ ಉಳಿಸೀತು.

ಇನ್ನು ಗಾಡಿಯನ್ನು ಅಳಿಯನಿಗೋ ತಮ್ಮನಿಗೋ ಗೆಳೆಯನಿಗೋ ಕೊಡುವವರಿಗೆ ಒಂದು ಮಾತು. ಕೊಡಬೇಡಿ ಎನ್ನಲಾರೆ, ನಮ್ಮ ಕಡೆ ಗಾಡಿ ಕೇಳಿದವರಿಗೆ ಇಲ್ಲವೆನ್ನುವ ರೂಢಿಯಿಲ್ಲ. ಗಡಿ ದಾಟಿ ಹೋಗಿಬಂದ ಮೇಲೆ, ದಂಡ ಬಿದ್ದಿದ್ದರೆ ಓಡಿಸಿದವರು ತಾವಾಗಿಯೇ ಹೇಳಿ ಕಟ್ಟುವ ರೂಢಿಯೊಂದು ಬೆಳೆಯಲಿ. ಕ್ಯಾಮೆರಾಕ್ಕೆ ಗೊತ್ತಾಗದ ಹೆಸರು ಓಡಿಸಿದವನಿಗಂತೂ ಗೊತ್ತಿರುತ್ತದೆ.

ಶಾಲೆ ಬಿಡುವಾಗ ನಿಮಗೆಲ್ಲ ಕೊಟ್ಟ ದಾಖಲೆಯಲ್ಲಿ ನಡತೆ ಎಂಬ ಸಾಲಿನ ಮುಂದೆ 'ಒಳ್ಳೆಯದು' ಎಂದು ಬರೆದು ಕಳಿಸಿದ್ದೇವೆ. ಕೊಲ್ಹಾಪುರಕ್ಕೆ ಹೋಗಿರಿ, ಪಣಜಿಗೆ ಹೋಗಿರಿ, ನ್ಯೂಜೆರ್ಸಿಯಲ್ಲೇ ಇರಿ, ಆ ಸಾಲನ್ನು ಹಾಗೆಯೇ ಉಳಿಸಿಕೊಳ್ಳಿ. ನಿಧಾನವಾಗಿ ಹೋಗಿ, ಸುರಕ್ಷಿತವಾಗಿ ಮನೆ ಸೇರಿ.

ಶುಭವಾಗಲಿ.